ಗೌಡರ ಕಟ್ಟೆಯ ಮೇಲೆ ಹತ್ತು ನಿಮಿಷ

ನನ್ನ ಹೆಸರು ಹುಲಿಗೇಶ. ರಾಯಚೂರು, ದೇವದುರ್ಗ, ಮಾನ್ವಿ ಎಂದು ಹದಿನಾಲ್ಕು ವರ್ಷದಿಂದ ಅಗ್ನಿಶಾಮಕ ಗಾಡಿ ಓಡಿಸಿಕೊಂಡಿದ್ದೇನೆ. ಈಚೆಗೆ ನನ್ನನ್ನು ಯಾರಾದರೂ ಹೊಗಳಿದರೆ ಸಿಟ್ಟು ಬರುತ್ತದೆ. ಹೋದ ತಿಂಗಳು ನಮ್ಮ ಕೇರಿಯವರು ಶಾಲು ಹೊದಿಸುತ್ತೇವೆ ಬಾ ಅಂದರು. ಹೋಗಲಿಲ್ಲ. "ಏನ್ ಸೊಕ್ಕು ಬಂದದಲೇ ನಿನಗ!" ಎಂದು ಬೈದರು. ಸೊಕ್ಕೂ ಇಲ್ಲ, ಮಣ್ಣೂ ಇಲ್ಲ. ನಾಚಿಕೆ. ಯಾಕೆ ಅಂತ ಹೇಳಿಬಿಡುತ್ತೇನೆ.

ನಮ್ಮೂರು ಗೂಗಲ್ ಕಡೆಗೆ ಹೋಗುವ ದಾರಿಯಲ್ಲಿದೆ. ಹೆಸರು ಬೇಡ. ನನ್ನ ಮಾನ ಹೋದದ್ದು ಸಾಕು, ಊರಿನದು ಯಾಕೆ? ಅಪ್ಪ ತಾಯಣ್ಣ, ಊರ ಗೌಡರ ಹೊಲದಲ್ಲಿ ದುಡಿಯುತ್ತಿದ್ದ. ನನಗೆ ನಾಲ್ಕು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅವ್ವನ ತಂಗಿ ಗೋಪಮ್ಮ ನನ್ನನ್ನು ಸಾಕಿದಳು. ಸಣ್ಣವ್ವ ಅಂತ ಕರೆಯುತ್ತೇನೆ. ಬೆಳೆಸಿದ್ದು ಮಾತ್ರ ಹೆತ್ತವ್ವನ ಹಾಗೆ, ಹೊಡೆತದಲ್ಲೂ ಕಡಿಮೆ ಮಾಡಲಿಲ್ಲ.

ಕಳೆ ತೆಗೆಯಲು ಹೋದಾಗ ಆಕೆ ನನ್ನನ್ನೂ ಕರೆದೊಯ್ಯುತ್ತಿದ್ದಳು. ಮಧ್ಯಾಹ್ನ ಗೌಡರ ಮನೆ ಮುಂದೆ ನಿಂತು ನೀರು ಕೇಳುತ್ತಿದ್ದೆವು. ಕಟ್ಟೆಯ ಮೇಲಿನಿಂದ ಯಾರೋ ಚೊಂಬು ಎತ್ತಿ ಹಿಡಿದು ಸುರಿಯುವರು, ನಾವು ಕೆಳಗೆ ಬೊಗಸೆಯೊಡ್ಡಿ ಕುಡಿಯುವುದು. ನನ್ನ ಬೊಗಸೆ ಸಣ್ಣದು, ಅರ್ಧ ನೀರು ಅಂಗಿಗೇ ಹೋಗುತ್ತಿತ್ತು. ಕಟ್ಟೆ ಮುಟ್ಟಬಾರದು ಎಂದು ನನಗೆ ಯಾರೂ ಹೇಳಿಕೊಡಲಿಲ್ಲ. ಅದು ತಾನಾಗೇ ಗೊತ್ತಿತ್ತು.

ದೊಡ್ಡವನಾದ ಮೇಲೆ ಮಾನ್ವಿಯ ಅಕ್ಕಿ ಗಿರಣಿಯೊಂದರ ಲಾರಿ ಓಡಿಸಿದೆ. ಭತ್ತದ ಮೂಟೆ ಹೇರಿಕೊಂಡು ರಾಯಚೂರಿಗೆ ಹೋಗಿ ಬರುವುದೇ ಬದುಕಾಗಿತ್ತು. ಅರ್ಜಿ ಹಾಕು, ಹಾಕು ಅಂತ ಹೆಂಡತಿ ವಿಶಾಖಾ ಬೆನ್ನು ಬಿದ್ದಳು. ಅಗ್ನಿಶಾಮಕ ಚಾಲಕನ ಕೆಲಸ ಸಿಕ್ಕಿತು. ಮೊದಲ ಸಲ ಠಾಣೆಗೆ ಬಂದ ಸಣ್ಣವ್ವ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಚಕ್ರದಿಂದ ಏಣಿಯವರೆಗೆ ಎಲ್ಲ ಮುಟ್ಟಿ ನೋಡಿ, "ಇಷ್ಟು ದೊಡ್ಡ ಗಾಡಿ ನಿನ್ನ ಮಾತು ಕೇಳ್ತದೇನೋ?" ಅಂದಳು. ಕೇಳುತ್ತದೆ ಅಂದೆ. ಅಲ್ಲೇ ನನ್ನ ತಲೆ ಸ್ವಲ್ಪ ತಿರುಗಿತ್ತು ಅಂತ ಕಾಣುತ್ತದೆ.

ರಾಯಚೂರಿನಲ್ಲಿ ಗಾಡಿಗಳಿಗೆ ಬರವಿಲ್ಲ. ಕಬ್ಬಿಣ ಕತ್ತರಿಸುವ ಯಂತ್ರವಿರುವ ರಕ್ಷಣಾ ವಾಹನವೂ ಇದೆ. ನಮ್ಮ ದೇವದುರ್ಗ ತಾಲ್ಲೂಕಿನ ಠಾಣೆಗೆ ಇದ್ದದ್ದು ಒಂದೇ ದೊಡ್ಡ ಗಾಡಿ, ಜೊತೆಗೊಂದು ಜೀಪು. ದೊಡ್ಡ ಗಾಡಿಯ ಟ್ಯಾಂಕಿಗೆ ನಾಲ್ಕೂವರೆ ಸಾವಿರ ಲೀಟರ್ ನೀರು ಹಿಡಿಯುತ್ತದೆ. ಕೇಳಲು ಬಹಳ ಅನ್ನಿಸುತ್ತದೆ. ಒಂದು ಪೈಪು ಪೂರ್ತಿ ಬಿಟ್ಟರೆ ಹತ್ತು ನಿಮಿಷಕ್ಕೆ ಖಾಲಿ.

ಅದಕ್ಕೇ ಹಿರಿಯ ಸಿಬ್ಬಂದಿ ಅಲ್ಲಾಉದ್ದೀನ್ ಮೊದಲ ದಿನವೇ ನನ್ನ ಕಿವಿ ಹಿಂಡಿದಂತೆ ಹೇಳಿದ್ದರು. "ನೋಡು ಬೇಟಾ, ಬಣವಿಗೆ ಬೆಂಕಿ ಬಿದ್ರ ಅದರ ಆಸೆ ಬಿಡು. ಅದು ಹೋದಂಗ. ಗಾಳಿ ಯಾ ಕಡೆ ಹೊಂಟದ ನೋಡು, ಆ ಕಡೆ ಮನಿ ಉಳಿಸು. ನೀ ಪಂಪು ಬಿಟ್ಟು ಒಂದು ಹೆಜ್ಜಿ ಕದಲಬ್ಯಾಡ. ನೀರು ಅರ್ಧಕ್ಕ ಬಂದ ಕೂಡಲೇ ಎರಡು ಸಲ ಹಾರ್ನ್ ಹೊಡಿ. ಪೈಪು ಹಿಡಿದಾಂವಗ ಟ್ಯಾಂಕು ಕಾಣಂಗಿಲ್ಲ. ನಿನ್ನ ಹಾರ್ನೇ ಅವನ ಕಣ್ಣು."

ಹನ್ನೆರಡು ವರ್ಷ ಹಾಗೇ ಮಾಡಿದೆ. ಹತ್ತಿ ಗೋದಾಮು, ಹುಲ್ಲಿನ ಲಾರಿ, ಬಾವಿಗೆ ಬಿದ್ದ ಎಮ್ಮೆ ಎಲ್ಲ ನೋಡಿದ್ದೇನೆ. ಒಂದು ಸಲವೂ ಪಂಪು ಬಿಟ್ಟವನಲ್ಲ.

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳು. ಊಟ ಮಾಡಿ ಕೈ ತೊಳೆಯುವಾಗ ಕರೆ ಬಂತು. ಬೆಂಕಿ ಬಿದ್ದದ್ದು ನಮ್ಮೂರಲ್ಲಿ, ಗೌಡರ ಮನೆ ಹಿಂದಿನ ಬಣವೆಗಳಿಗೆ. ನಿಜ ಹೇಳುತ್ತೇನೆ, ಬೆಂಕಿಯ ಭಯಕ್ಕಿಂತ ಮೊದಲು ನನಗೆ ಬಂದದ್ದು ಸಂತೋಷ. ಥೂ! ಈ ಗಾಡಿ ತೆಗೆದುಕೊಂಡು ಆ ಮನೆ ಮುಂದೆ ನಿಲ್ಲುತ್ತೇನೆ ಅನ್ನುವ ಸಂತೋಷ. ದಾರಿಯುದ್ದಕ್ಕೂ ಸೈರನ್ ನಿಲ್ಲಿಸಲಿಲ್ಲ.

ಎರಡು ಬಣವೆ ಧಗಧಗ ಉರಿಯುತ್ತಿದ್ದವು. ಗಾಳಿ ಪಡುವಣಕ್ಕೆ ಬೀಸುತ್ತಿತ್ತು. ಪಡುವಣಕ್ಕೆ ಏನಿದೆ? ಒಂದು ಹಳ್ಳ, ಹಳ್ಳದ ಆಚೆ ನಮ್ಮ ಕೇರಿ. ಮೊದಲನೆಯ ಮನೆ ಸಣ್ಣವ್ವನದೇ. ಇದು ನನಗಲ್ಲದೆ ಯಾರಿಗೆ ಗೊತ್ತಿರಬೇಕು? ಆದರೂ ಹಳ್ಳದ ಕಡೆ ಹೋಗದೆ ಗೌಡರ ಬಾಗಿಲಿನ ಮುಂದೆಯೇ ಗಾಡಿ ನಿಲ್ಲಿಸಿದೆ. ಅಲ್ಲಾಉದ್ದೀನ್ ಪೈಪು ಎಳೆದುಕೊಂಡು ಹಿತ್ತಲಿಗೆ ಹೋದರು. ನಾನು ಪಂಪು ಶುರುಮಾಡಿದೆ.

ಆಗ ಮುದಿ ಗೌಡರು ಕಟ್ಟೆಗೆ ಬಂದರು. ನಮ್ಮಪ್ಪನನ್ನು ಸಾಯುವವರೆಗೆ "ಲೇ ತಾಯಾ" ಎಂದು ಕರೆದ ಬಾಯಿ ಅದು.

"ಹುಲಿಗೇಶಪ್ಪಾ, ಬರ್ರಿ. ಮ್ಯಾಲ ಬಂದು ಕುಂದರ್ರಿ. ಬಿಸಲಾಗ ಯಾಕ ನಿಂತೀರಿ?"

"ಪಂಪ್ ಬಿಟ್ಟು ಬರಂಗಿಲ್ರಿ."

"ಅದು ತನ್ನ ಪಾಡಿಗೆ ನಡೀತದ, ಬರ್ರಿ. ಒಂದ್ ಕಪ್ಪು ಚಾ ಕುಡೀರಿ. ಇಲ್ಲಂದ್ರ ನಮಗ ಬ್ಯಾಸರ ಆಗ್ತದ ನೋಡ್ರಿ."

ಸುತ್ತ ಊರಿನ ಅರ್ಧ ಜನ ನಿಂತಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗಾಡಿ ಇರುವುದು ಎಂಟು ಹೆಜ್ಜೆ ದೂರದಲ್ಲಿ, ಅಲ್ಲಿಂದಲೇ ನೀರಿನ ಮೀಟರ್ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾಲು ಮೆಟ್ಟಿಲು ಹತ್ತಿಯೇಬಿಟ್ಟಿತು. ಕಟ್ಟೆಯ ಕಲ್ಲು ತಣ್ಣಗಿತ್ತು. ಕುಳಿತೆ. ಚಹಾ ಬಂತು. ಗೌಡರು ನನ್ನ ಸಂಬಳ ಕೇಳಿದರು, ಮಕ್ಕಳೆಷ್ಟು ಎಂದು ಕೇಳಿದರು, ನಿಮ್ಮಪ್ಪ ಭಾಳ ನಿಯತ್ತಿನ ಮನುಷ್ಯ ಅಂದರು. ನಾನು ಕಾಲ ಮೇಲೆ ಕಾಲು ಹಾಕಿದ್ದೆ. ಮೀಟರ್ ಕಡೆ ಒಂದು ಸಲವೂ ನೋಡಲಿಲ್ಲ.

"ನೀರ್ ಬರವಲ್ದೋ!" ಎಂದು ಹಿತ್ತಲಿನಿಂದ ಅಲ್ಲಾಉದ್ದೀನ್ ಕೂಗಿದಾಗಲೇ ನನಗೆ ಎಚ್ಚರವಾದದ್ದು. ಎದ್ದು ನಿಂತು ನೋಡುತ್ತೇನೆ, ಹಳ್ಳದ ಆಚೆ ಕಪ್ಪು ಹೊಗೆ.

ಓಡಿದೆ. ಓಡಿ ಮಾಡುವುದೇನು, ಟ್ಯಾಂಕಿನಲ್ಲಿ ತೊಟ್ಟು ನೀರಿಲ್ಲ. ಕಾಲುವೆ ಎರಡು ಮೈಲಿ. ಮಾನ್ವಿಯ ಗಾಡಿಗೆ ಫೋನು ಮಾಡಿದೆವು, ಅದು ಬರುವಷ್ಟರಲ್ಲಿ ಒಂದು ತಾಸಾಗಿತ್ತು. ಜನ ಕೊಡದಲ್ಲಿ ನೀರು ಹೊತ್ತು ಅಕ್ಕಪಕ್ಕದ ಮನೆ ಉಳಿಸಿದರು. ಸಣ್ಣವ್ವನ ಮನೆ ಉಳಿಯಲಿಲ್ಲ. ವರ್ಷದ ಜೋಳ ಹೋಯಿತು. ಆಕೆಯ ಮಗಳು ದುರ್ಗಾಳ ಹೊಲಿಗೆ ಯಂತ್ರ ಹೋಯಿತು, ಮದುವೆಗೆಂದು ಊರ ಹೆಂಗಸರು ಹೊಲಿಯಲು ಕೊಟ್ಟಿದ್ದ ಬಟ್ಟೆಯೂ ಹೋಯಿತು. ಸಣ್ಣವ್ವ ಒದ್ದೆ ಗೋಣಿಚೀಲದಿಂದ ಬೆಂಕಿ ಬಡಿಯಲು ಹೋಗಿ ಎರಡೂ ಕೈ ಸುಟ್ಟುಕೊಂಡಿದ್ದಳು. ೧೦೮ ಗಾಡಿ ಬಂದು ರಾಯಚೂರಿಗೆ ಒಯ್ದಿತು. ಹತ್ತುವಾಗ ನನ್ನನ್ನು ನೋಡಿ, "ಉಂಡಿಯಿಲ್ಲೋ?" ಅಂದಳು.

ಟ್ಯಾಂಕು ಹೇಗೆ ಖಾಲಿಯಾಯಿತು ಎಂದು ಠಾಣಾಧಿಕಾರಿ ವೆಂಕಣ್ಣ ಸಾಹೇಬರು ಕೇಳಿದರು. ನೀರಿನ ಮೀಟರ್ ಕೆಟ್ಟಿತ್ತು, ಅರ್ಧವಿದೆ ಅಂತಲೇ ತೋರಿಸಿತು ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ತಪ್ಪನ್ನು ಆ ಮೂಕ ಗಾಡಿಯ ಮೇಲೆ ಹಾಕಿದೆ. ಪಾಪ, ಅದು ಏನು ಹೇಳೀತು? ಮೀಟರ್ ಪರೀಕ್ಷೆ ಮಾಡಿಸಲು ಗಾಡಿಯನ್ನು ರಾಯಚೂರಿಗೆ ಕಳಿಸಿದರು. ನನ್ನ ಒಂದು ಸುಳ್ಳಿಗೆ ಇಡೀ ತಾಲ್ಲೂಕು ಬರೀ ಜೀಪಿನ ಮೇಲೆ ಕೂತಿತ್ತು. ವೆಂಕಣ್ಣ ಸಾಹೇಬರ ಮುಂದೆ ಅಲ್ಲಾಉದ್ದೀನ್ ಹಾರ್ನಿನ ಮಾತು ಎತ್ತಲಿಲ್ಲ. ಹೊರಗೆ ಬಂದ ಮೇಲೆ ಮೆಲ್ಲಗೆ, "ಹಾರ್ನ್ ಯಾಕ ಹೊಡಿಲಿಲ್ಲ ಬೇಟಾ?" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ದವಾಖಾನೆಗೆ ಹೋದೆ. ಸಣ್ಣವ್ವನ ಎರಡೂ ಕೈಗೆ ಬಿಳಿ ಪಟ್ಟಿ. ವಿಶಾಖಾ ಕಟ್ಟಿಕೊಟ್ಟಿದ್ದ ಅನ್ನವನ್ನು ನಾನೇ ತಿನ್ನಿಸಿದೆ. ತಡೆಯಲಾಗದೆ ಕೇಳಿದೆ.

"ಹಳ್ಳ ದಾಟಿದ್ರ ನಾ ಅಲ್ಲೇ ಇದ್ದೆ. ಒಂದು ಮಾತು ಕೂಗಬಾರದಿತ್ತೇನ್ ಯವ್ವಾ?"

"ಬಂದಿದ್ದೆ."

"ಎಲ್ಲಿಗೆ?"

"ಗೌಡ್ರ ಮನಿ ಮುಂದಕ. ನಮ್ಮ ಮನಿ ಹುಲ್ಲಿನ ಚಪ್ಪರದ ಮ್ಯಾಲ ಕಿಡಿ ಬಿತ್ತು, ಅಂಗೈಯಷ್ಟು ಹತ್ತಿಕೊಂಡಿತ್ತು. ನಿನ್ನ ಕರೀಬೇಕಂತ ಓಡಿ ಬಂದೆ. ನೋಡಿದ್ರ ನೀ ಕಟ್ಟಿ ಮ್ಯಾಲ ಕುಂತಿ. ಗೌಡ್ರ ಸರಿಸಮ. ನಮ್ಮ ಪೈಕಿ ಯಾರರ ಅಲ್ಲಿ ಕುಂತಾರೇನೋ? ನಿಮ್ಮಪ್ಪ ಕುಂತಿದ್ನಾ? ನಾ ಬಂದು ಕೂಗಿದ್ರ ನೀ ಎದ್ದು ಬರ್ತಿದ್ದಿ. ಚಾ ಮುಗಸಲಿ ತಡಿ ಅಂದೆ. ಅಷ್ಟರಾಗ ಗೋಣಿಚೀಲದಾಗ ಬಡದು ಆರಸಿದ್ರಾತು ಅಂತ ತಿರುಗಿ ಹೋದೆ."

ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ನೆಲ ಬಾಯಿ ಬಿಟ್ಟರೆ ಇಳಿದು ಹೋಗೋಣ ಅನ್ನಿಸಿತು. ಬುತ್ತಿ ಅಲ್ಲಿಟ್ಟು ವರಾಂಡಕ್ಕೆ ಬಂದು ವೆಂಕಣ್ಣ ಸಾಹೇಬರಿಗೆ ಫೋನು ಮಾಡಿದೆ.

"ಸಾಹೇಬ್ರ, ಮೀಟರ್ ಕೆಟ್ಟಿರಲಿಲ್ರಿ. ನಾ ಪಂಪು ಬಿಟ್ಟು ಚಾ ಕುಡಿಯಾಕ ಹೋಗಿದ್ದೆ."

 "ಬರೆದು ಕೊಡು" ಅಂದರು. ಬರೆದುಕೊಟ್ಟೆ. ವಿಚಾರಣೆಯಾಯಿತು, ಬೇರೆ ಠಾಣೆಗೆ ಹಾಕಿದರು. ಶಿಕ್ಷೆ ಕಡಿಮೆಯೇ ಆಯಿತು. ಕೇರಿಯವರಿಗೆ ಈ ವಿಚಾರಣೆ ಗಿಚಾರಣೆ ಯಾವುದೂ ನೆನಪಿಲ್ಲ. ನಾನು ಕಟ್ಟೆಯ ಮೇಲೆ ಕುಳಿತದ್ದು ಮಾತ್ರ ನೆನಪಿದೆ. ಆ ಶಾಲೂ ಅದಕ್ಕೇ.

ಅವತ್ತು ಫೋನು ಇಟ್ಟು ಒಳಗೆ ಬಂದೆ. ಸಣ್ಣವ್ವ ದಿಂಬಿಗೆ ಒರಗಿ ನನಗಾಗಿ ಕಾಯುತ್ತಿದ್ದಳು. ಪಕ್ಕದ ಮಂಚದವರಿಗೆ ಕೇಳಿಸದಂತೆ ಮುಂದಕ್ಕೆ ಬಾಗಿದಳು. ಕಣ್ಣಲ್ಲಿ ಸಣ್ಣ ಹುಡುಗಿಯ ಆಸೆ.

"ದೂರಿಂದ ನನಗ ಕಾಣಲಿಲ್ಲ. ಚಾ ಯಾತರಾಗ ಕೊಟ್ರು? ಅವರ ಮನಿ ಲೋಟದಾಗೇನು?"

ಇಷ್ಟು ಹೇಳಿದವನು ನಿಮಗೂ ಅದೊಂದನ್ನು ಹೇಳಿರಲಿಲ್ಲ. ಹೆಂಡತಿಗೂ ಹೇಳಿಲ್ಲ. ಗೌಡರು ಕುಡಿದದ್ದು ಸ್ಟೀಲ್ ಲೋಟದಲ್ಲಿ. ನನಗೆ ಕೊಟ್ಟದ್ದು ಬಿಸಾಡುವ ಕಾಗದದ ಕಪ್ಪಿನಲ್ಲಿ. ನೋಡಿದ್ದೆ. ನೋಡಿಯೂ ಅಲ್ಲಿ ಕುಳಿತಿದ್ದೆ.

"ಹ್ಞೂಂ ಯವ್ವಾ," ಅಂದೆ. "ಅವರ ಮನಿ ಲೋಟದಾಗೇ ಕೊಟ್ರು."