ಕಾಣದ ಹೊಲಿಗೆಯ ಮುನಿಗಂಗಮ್ಮ

ಮುಳಬಾಗಿಲಿನಲ್ಲಿ ದಾರದ ಅಂಗಡಿ ಇಟ್ಟಿರುವ ಜಾನ್ ಪಾಷಾ ಪೊಲೀಸರಿಗೂ ಹೆದರಿದವನಲ್ಲ. ಹೆದರುವುದು ಮುನಿಗಂಗಮ್ಮನಿಗೆ ಮಾತ್ರ. ಬಣ್ಣದ ಬಟ್ಟೆಯಲ್ಲಿ ಮಾವು, ಗಿಳಿ ಕತ್ತರಿಸಿ ಕೌದಿಯ ಮೇಲಿಟ್ಟು ಕೈಯಲ್ಲೇ ಹೊಲಿಯುವ ಈ ಮಹಾತಾಯಿ, ಒಂದು ಉಂಡೆ ದಾರದ ಬಣ್ಣ ನೋಡಲು ಇಡೀ ಅಂಗಡಿಯನ್ನು ಬಿಸಿಲಿಗೆ ಹಾಕಿಸುತ್ತಾಳೆ. ಎಳೆಯೊಂದನ್ನು ಬಟ್ಟೆಯ ಮಾವಿನ ಮೇಲಿಟ್ಟು, "ಇದು ತೋತಾಪುರಿ ಹಳದಿಯೇನೋ? ಕಾಮಾಲೆ ಹಳದಿ!" ಎಂದು ಎಸೆಯುತ್ತಾಳೆ. ದಾರ ಕೂದಲಿಗಿಂತ ಚೂರು ದಪ್ಪವಿದ್ದರೂ, "ಎಮ್ಮೆ ಕಟ್ಟಕ್ಕಾ?" ಎನ್ನುತ್ತಾಳೆ. ಹೊಲಿಗೆ ಕಂಡರೆ ಅವಳ ಮಾನ ಹೋದಂತೆ. ಗಂಡ ಶ್ರೀನಿವಾಸಪ್ಪ ನಲವತ್ತು ವರ್ಷ ಅವಳ ಪ್ರತಿ ಕೌದಿಯನ್ನೂ ಮೂಗಿಗೆ ಹಿಡಿದು ಹೊಲಿಗೆ ಹುಡುಕಿದವನು. ಸಿಕ್ಕಿದ್ದರೆ ಊರಿಗೆಲ್ಲ ಡಂಗುರ ಸಾರುತ್ತಿದ್ದ, ಒಂದೂ ಸಿಕ್ಕಿರಲಿಲ್ಲ. ನಿನ್ನೆ ಬಂದವಳು ಬಿಸಿಲಿಗೂ ಹೋಗದೆ, "ಪಾಷಾ, ಎಮ್ಮೆ ಕಟ್ಟೋ ಅಂಥ ದಪ್ಪ ದಾರ ಕೊಡು. ಬಣ್ಣ ಯಾವ್ದಾದ್ರೂ ಆಗ್ಲಿ" ಎಂದಳು. ಪಾಷಾ ಹೌಹಾರಿ, "ಹೊಲಿಗೆ ಎದ್ದು ಕಾಣುತ್ತಲ್ಲಮ್ಮಾ!" ಎಂದ. "ನಮ್ಮನೆ ಆಯಪ್ಪನಿಗೆ ಕಣ್ಣು ಪೂರ್ತಿ ಹೋಯ್ತು ಕಣೋ," ಎಂದಳು ಮುನಿಗಂಗಮ್ಮ. "ಬೆರಳಿಗಾದ್ರೂ ಸಿಗ್ಲಿ. ಬಾಯ್ತುಂಬಾ ಬೈಲಿ."