ಹೊಲಿಗೆಗೆ ಬಿಟ್ಟ ಒಂದು

ನನ್ನ ಚಿಕ್ಕಮ್ಮ ಟೈಲರ್. ಬೀದಿಯ ಕಡೆಗಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಕೊರಳಲ್ಲಿ ಟೇಪು, ತೋಳಿಗೆ ಸದಾ ಅಂಟಿರುವ ನೂಲಿನ ಚೂರುಗಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವುದು ಅವಳ ಬಹುಕಾಲದ ಆಸೆ. ಅದಕ್ಕೆ ಹತ್ತನೆಯ ತರಗತಿ ಪಾಸಾಗಿರಬೇಕು. ಉಳಿದೆಲ್ಲ ವಿಷಯಗಳು ಆಗಿದ್ದವು, ಗಣಿತ ಮಾತ್ರ ಕೈಕೊಡುತ್ತಿತ್ತು. ಈ ಸಲವೂ ಆಗದಿದ್ದರೆ ಶಾಲೆಯಲ್ಲಿ ಖಾಲಿಯಿದ್ದ ಆ ಕೆಲಸ ಬೇರೆಯವರ ಪಾಲು.

ದಿನಾ ನಾನು ಕಾಲೇಜು ಮುಗಿಸಿ ಬಂದು, ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಸಮೀಕರಣ ಬರೆದುಕೊಡುತ್ತಿದ್ದೆ.

"ದಿನಾ ಹುಡುಕ್ತೀರಲ್ಲ, ಯಾರು ಈ ಎಕ್ಸು?" ಚಿಕ್ಕಪ್ಪ ಅಡುಗೆಮನೆಯಿಂದ ಕೆಣಕಿದರು. "ಸಿಕ್ಕಿದ್ರೆ ಊಟಕ್ಕೆ ಕರ್ಕೊಂಡ್ಬನ್ನಿ."

"ಮೊದಲು ನೀವು ಒಲೆ ಹಚ್ಚಿ," ಎಂದಳು ಚಿಕ್ಕಮ್ಮ, ತಲೆ ಎತ್ತದೆ.

ಅಂದಿನ ಲೆಕ್ಕ: ಎಕ್ಸ್‌ನ ಎರಡರಷ್ಟಕ್ಕೆ ಮೂರು ಸೇರಿಸಿದರೆ ಹದಿನೈದು. ಎರಡೂ ಕಡೆಯಿಂದ ಮೂರು ಕಳೆದಳು. ಹನ್ನೆರಡು ಉಳಿಯಿತು. ಅರ್ಧ ಮಾಡಿದಳು. ಆಮೇಲೆ ಏಳು ಎಂದು ಬರೆದಳು. ಹಿಂದಿನ ಲೆಕ್ಕದಲ್ಲೂ ಹೀಗೇ, ಒಂದು ಹೆಚ್ಚು.

"ಚಿಕ್ಕಮ್ಮ, ಹನ್ನೆರಡರಲ್ಲಿ ಅರ್ಧ ಎಷ್ಟು?"

"ಆರು."

"ಮತ್ತೆ ಏಳು ಯಾಕೆ?"

ಅವಳ ಕೈ ಬಾಯಿಗೆ ಹೋಯಿತು. "ಅಯ್ಯೋ! ಹೊಲಿಗೆಗೆ ಅಂತ ಒಂದು ಜಾಸ್ತಿ ಬಿಟ್ಬಿಟ್ಟೆ ಕಣೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು ಸೀಮೆಸುಣ್ಣ ಕೆಳಗಿಟ್ಟಳು. "ಹೋದ ಸಲ ಪರೀಕ್ಷೇಲೂ ಹೀಗೇ ಬರೆದಿದ್ನೋ ಏನೋ."

ಅಳತೆ ಸಿಕ್ಕ ಕೂಡಲೇ ಹೊಲಿಗೆಯ ಅಂಚಿಗೆಂದು ಒಂದು ಇಂಚು ಸೇರಿಸಿ ಗೆರೆ ಎಳೆಯುವುದು ಆ ಕೈಗೆ ವರ್ಷಗಳ ರೂಢಿ. ಹಾಗೆ ಒಳಗೆ ಬಿಟ್ಟ ಬಟ್ಟೆಯಿಂದಲೇ ನನ್ನ ಫ್ರಾಕುಗಳೆಲ್ಲ ನನ್ನ ಜೊತೆ ಬೆಳೆದಿದ್ದವು. ಬಿಡಬೇಡ ಎಂದು ಆ ಕೈಗೆ ಹೇಗೆ ಹೇಳಲಿ?

"ಬಟ್ಟೆ ಕೊಡೋ ಮೊದಲು ಏನ್ಮಾಡ್ತೀಯ?" ಎಂದೆ.

"ತೊಡಿಸಿ ನೋಡ್ತೀನಿ."

"ಹಾಗಾದ್ರೆ ಎಕ್ಸ್ ಇರೋ ಕಡೆ ಏಳನ್ನ ತೊಡಿಸಿ ನೋಡು."

ಎರಡೇಳಲ ಹದಿನಾಲ್ಕು, ಮೂರು ಸೇರಿ ಹದಿನೇಳು. "ದೊಗಳೆ," ಎಂದು ಅಳಿಸಿದಳು. ಆರು ತೊಡಿಸಿದಳು. ಹದಿನೈದು. "ಕೂತ್ಕೊಂಡ್ತು ನೋಡು!"

ಪರೀಕ್ಷೆಯ ದಿನ ಗೇಟಿನ ಹೊರಗೆ ಕಾದಿದ್ದೆ. ಮಕ್ಕಳೆಲ್ಲ ಬಂದ ಮೇಲೆ ಕೊನೆಗೆ ಅವಳು ಬಂದಳು.

"ಒಂದು ಲೆಕ್ಕದಲ್ಲಿ ಕೈ ಮತ್ತೆ ಒಂದು ಜಾಸ್ತಿ ಬಿಟ್ಟಿತ್ತು ಕಣೆ. ತೊಡಿಸಿ ನೋಡ್ದೆ, ದೊಗಳೆ. ಬಿಚ್ಚಿ ಮತ್ತೆ ಹೊಲ್ದೆ."

ಪಾಸಾದಳು. ಶಾಲೆಯ ಕೆಲಸಕ್ಕೆ ಹೊರಡುವ ಮುನ್ನಾದಿನ ಅಪರೂಪಕ್ಕೆ ತನಗೆಂದು ಒಂದು ರವಿಕೆ ಹೊಲಿದುಕೊಂಡಳು. ಒಳಮಗ್ಗುಲು ತಿರುಗಿಸಿ ನೋಡಿದೆ. ಬದಿಯಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟಿದ್ದಳು.

"ಈ ವಯಸ್ಸಲ್ಲಿ ಬೆಳೀತೀಯಾ ಚಿಕ್ಕಮ್ಮ?"

ಹಲ್ಲಿನಲ್ಲಿ ನೂಲು ಕಡಿದು, "ಯಾರಿಗ್ಗೊತ್ತು," ಎಂದಳು.