ಜೋಳದ ಹಿಟ್ಟಿನ ನಕ್ಷೆ

ಗೋಕಾಕದಲ್ಲಿ ನನ್ನ ಮಗಳಿಗೆ ವಿಜ್ಞಾನ ಕಲಿಸುತ್ತಿದ್ದ ಟೀಚರ್, ಏನೇ ಕೇಳಿದರೂ ನಿರಿಗೆ ಎತ್ತಿ ಸಿಕ್ಕಿಸಿ ನೆಲಕ್ಕೆ ಕುಳಿತು, “ನನ್ನ ಕೇಳಬ್ಯಾಡ್ರಿ, ನೀವೇ ನೋಡ್ರಿ” ಎನ್ನುತ್ತಿದ್ದರು. ಶಾಲೆಯ ಹಿತ್ತಲಲ್ಲಿ ಹಕ್ಕಿ, ಚಿಟ್ಟೆಗಳಿಗೊಂದು ತೋಟ ಮಾಡಲು ಅವರ ತರಗತಿಯ ಹುಡುಗಿಯರು ಅಳೆದು, ಜಗಳಾಡಿ, ನೆಲದ ಮೇಲೆಯೇ ನಕ್ಷೆ ಬರೆದರು. ಹೆಡ್‌ಮಿಸ್ ಒಪ್ಪದಿದ್ದರೆ ಅಲ್ಲಿ ಸೈಕಲ್ ಸ್ಟ್ಯಾಂಡ್ ಬರುವುದಿತ್ತು. ರಂಗೋಲಿ ಪುಡಿ ಸಾಲದ್ದಕ್ಕೆ ಮಗಳು ನಮ್ಮ ಡಬ್ಬಿಯ ಜೋಳದ ಹಿಟ್ಟು ಒಯ್ದು ಗೆರೆ ಎಳೆದಿದ್ದಳು.

ಮರುದಿನ ಬೆಳಿಗ್ಗೆ ಅವಳನ್ನು ಬಿಡಲು ಹೋದರೆ ನಕ್ಷೆಯ ಅರ್ಧ ಗೆರೆಗಳೇ ಇಲ್ಲ. ಇರುವೆಗಳು, ಗುಬ್ಬಿಗಳು ಉಳಿದ ಹಿಟ್ಟನ್ನು ತಿನ್ನುತ್ತಿದ್ದವು. ಮಗಳು ಅತ್ತಳು.

“ಯಾಕ ಅಳ್ತಿಯವಾ? ಬೀಗರು ಉಣ್ಣಾಕ ಬಂದಾರ, ಎಣಿಸು,” ಎಂದರು ಟೀಚರ್.

ಅಷ್ಟರಲ್ಲಿ ಬಂದ ಹೆಡ್‌ಮಿಸ್ ಬಹಳ ಹೊತ್ತು ಬಗ್ಗಿ ನೋಡಿದರು.

“ಪರವಾನಗಿ ಇಲ್ದನ ಬಂದು ಕುಂತಾವಲ್ರಿ ಇವು. ಸೈಕಲ್ ಮುಂದಿನ ಗೇಟಿನ ಹತ್ರ ನಿಲ್ಲಸ್ರಿ.”